ಹಲಸಿನ ಹಣ್ಣಿನ ಲೆಕ್ಕ ಬರೆದಿಟ್ಟ ಬಿಷಪ್

ಬೇಸಿಗೆ ರಜೆ ಬಂತೆಂದರೆ ಹೊಳೆನರಸೀಪುರದ ನಮ್ಮ ಮನೆಗೆ ಮೊಮ್ಮಕ್ಕಳಿಬ್ಬರು ಬರುತ್ತಾರೆ. ದೊಡ್ಡವಳು ಪುಟ್ಟಿ, ಏಳನೇ ಕ್ಲಾಸು ಮುಗಿಸಿದ್ದಾಳೆ. ಚಿಕ್ಕವನಿಗೆ ಎಂಟು ವರ್ಷ, ಎಲ್ಲದಕ್ಕೂ "ನಿಜವಾಗ್ಲೂ?" ಅನ್ನುವುದು ಅವನ ಅಭ್ಯಾಸ. ಈ ಸಲ ಪುಟ್ಟಿಯ ಚೀಲದಲ್ಲಿ ಶಾಲೆಯ ಹೋಂವರ್ಕೂ ಇತ್ತು. ನಮ್ಮ ದೇಶಕ್ಕೆ ಬಂದುಹೋದ ಯಾತ್ರಿಕನೊಬ್ಬನ ಬಗ್ಗೆ ಎರಡು ಪುಟ ಬರೆದುಕೊಂಡು ಹೋಗಬೇಕಂತೆ.

"ಹ್ಯೂಯೆನ್ ತ್ಸಾಂಗ್ ಬೇಡ ತಾತ. ಕ್ಲಾಸಲ್ಲಿ ಅರ್ಧ ಜನ ಅವನನ್ನೇ ಬರೀತಾರೆ. ಯಾರೂ ಬರೀದೇ ಇರೋವ್ರು ಬೇಕು" ಅಂದಳು.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವನು. ಇಂಥ ಮಾತು ಕೇಳಿದರೆ ಸುಮ್ಮನಿರಲಾಗುವುದಿಲ್ಲ. ಆದರೂ ತಕ್ಷಣ ಯಾರ ಹೆಸರೂ ಹೇಳಲಿಲ್ಲ. ಹೆಸರು ಹೊಳೆದದ್ದು ಮಾರನೆಯ ದಿನ, ಶೆಟ್ಟಿಹಳ್ಳಿಯಲ್ಲಿ.

ಹಾಸನದ ಕಡೆಯ ಓದುಗರಿಗೆ ಶೆಟ್ಟಿಹಳ್ಳಿಯ ಚರ್ಚನ್ನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಫ್ರಾನ್ಸಿನಿಂದ ಬಂದ ಪಾದ್ರಿಗಳು ನೂರೈವತ್ತು ವರ್ಷಗಳಿಗೂ ಹಿಂದೆ ಹೇಮಾವತಿಯ ದಂಡೆಯಲ್ಲಿ ಕಟ್ಟಿಸಿದ ಎತ್ತರದ ಚರ್ಚು ಅದು. ಗೊರೂರಿನಲ್ಲಿ ಅಣೆಕಟ್ಟು ಎದ್ದಾಗ ಊರಿನ ಜನ ಬೇರೆ ಕಡೆಗೆ ಹೋದರು, ಚರ್ಚು ಮಾತ್ರ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತಿರುತ್ತದೆ, ಬೇಸಿಗೆಯಲ್ಲಿ ನೀರು ಸರಿದಾಗ ಒಳಗೆ ನಡೆದು ಹೋಗಬಹುದು. ಮಾಡು ಹೋಗಿ ಎಷ್ಟೋ ಕಾಲವಾಯಿತು. ನಾವು ಹೋದಾಗ ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ಹಸುಗಳು ಮೇಯುತ್ತಿದ್ದವು.

"ಇಲ್ಲಿ ಬಿಷಪ್ ಇದ್ರಾ ತಾತ?" ಅಂತ ಚಿಕ್ಕವನು ಕೇಳಿದ. ಆ ಮಾತು ಅವನಿಗೆ ಎಲ್ಲಿಂದ ಬಂತೋ, ಚದುರಂಗದಾಟದಿಂದ ಇರಬೇಕು.

ಇಲ್ಲ ಕಣಪ್ಪ, ಇದು ಒಂದು ಊರಿನ ಚರ್ಚು, ಬಿಷಪ್ ಅಂದರೆ ಒಂದು ಸೀಮೆಯ ಚರ್ಚುಗಳಿಗೆಲ್ಲ ಹಿರಿಯರು, ಕನ್ನಡದಲ್ಲಿ ಧರ್ಮಾಧ್ಯಕ್ಷರು ಅಂತಾರೆ, ಈಗ ನಮ್ಮ ಹಾಸನ ಜಿಲ್ಲೆಯ ಚರ್ಚುಗಳೆಲ್ಲ ಚಿಕ್ಕಮಗಳೂರಿನ ಧರ್ಮಾಧ್ಯಕ್ಷರ ಕೈಕೆಳಗೆ ಬರುತ್ತವೆ, ಆ ಪೀಠ ಶುರುವಾದದ್ದು 1963ರಲ್ಲಿ ಅಂತ ಹೇಳಿದೆ. ಹೇಳುತ್ತಿದ್ದಂತೆ ನೆನಪಾಯಿತು, ಹಿಂದೂಸ್ಥಾನದಲ್ಲಿ ರೋಮಿನ ಚರ್ಚಿಗೆ ಸೇರಿದ ಮೊಟ್ಟಮೊದಲ ಧರ್ಮಾಧ್ಯಕ್ಷರ ಪೀಠ ಇದ್ದದ್ದು ಕೊಲ್ಲಂನಲ್ಲಿ, ಅದಕ್ಕೆ 1329ರಲ್ಲಿ ಒಬ್ಬ ಬರಿಗೈ ಸನ್ಯಾಸಿಯನ್ನು ನೇಮಿಸಿದ್ದರು.

"ಪುಟ್ಟಿ, ನಿನ್ನ ಯಾತ್ರಿಕ ಸಿಕ್ಕಿದ. ಜೋರ್ಡಾನಸ್ ಅಂತ" ಅಂದೆ.

ಮಾಡಿಲ್ಲದ ಚರ್ಚಿನ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತು ಕಥೆ ಶುರುಮಾಡಿದೆ.

ಜೋರ್ಡಾನಸ್ ಫ್ರಾನ್ಸಿನ ದಕ್ಷಿಣದ ಸೆವೆರಾಕ್ ಎಂಬ ಊರಿನವನು. ಡೊಮಿನಿಕನ್ ಎಂಬ ಸನ್ಯಾಸಿಗಳ ಪಂಗಡಕ್ಕೆ ಸೇರಿದ. ಆ ಕಾಲದ ಯೂರೋಪಿನಲ್ಲಿ ಎರಡು ತರಹದ ಸನ್ಯಾಸಿಗಳು. ಮಠದ ಗೋಡೆಯೊಳಗೇ ಇದ್ದು ಜಪ, ಓದು, ಬೇಸಾಯ ಮಾಡಿಕೊಂಡಿದ್ದವರು ಒಂದು ತರಹ. ನಮ್ಮ ಜಂಗಮರ ಹಾಗೆ ಭಿಕ್ಷೆಯ ಅನ್ನದಲ್ಲಿ ಊರೂರು ತಿರುಗಿ ಉಪದೇಶ ಮಾಡುತ್ತಿದ್ದವರು ಇನ್ನೊಂದು ತರಹ. ಡೊಮಿನಿಕನ್ನರು ಈ ಎರಡನೆಯವರು. ಶ್ರವಣಬೆಳಗೊಳ ನೋಡಿದ್ದ ಪುಟ್ಟಿಗೆ ಇನ್ನೂ ಸುಲಭವಾಗಿ ಹೇಳಬಹುದಿತ್ತು. ಬರಿಗಾಲಲ್ಲಿ ಊರಿಂದೂರಿಗೆ ನಡೆಯುವ ಮುನಿಗಳು ಬೇರೆ, ಮಠದ ಪೀಠದಲ್ಲಿ ಕೂತು ಆಡಳಿತ ನೋಡುವ ಭಟ್ಟಾರಕರು ಬೇರೆ. ಜೋರ್ಡಾನಸ್ ನಡೆಯುವವನಾಗಿ ಬಂದ, ಆಮೇಲೆ ಅವನಿಗೆ ಪೀಠ ಕೊಟ್ಟರು.

ಅವನು ನಮ್ಮ ಕಡೆಗೆ ಬಂದ ಕಾಲ ಯಾವುದು ಗೊತ್ತೇ? ಹಳೇಬೀಡು ಇನ್ನೂ ದ್ವಾರಸಮುದ್ರವಾಗಿತ್ತು. ಹೊಯ್ಸಳರ ಮೂರನೆಯ ಬಲ್ಲಾಳ ಆಳುತ್ತಿದ್ದ. 1311ರಲ್ಲಿ ಮಲಿಕ್ ಕಾಫೂರನ ದಂಡು ದ್ವಾರಸಮುದ್ರಕ್ಕೆ ಬಂದುಹೋಗಿ ಹತ್ತು ವರ್ಷವಾಗಿತ್ತು. ವಿಜಯನಗರ ಇನ್ನೂ ಹುಟ್ಟಿರಲಿಲ್ಲ.

ಪರ್ಷಿಯಾದಿಂದ ಹಡಗು ಹತ್ತಿದವರು ಐದು ಜನ. ಜೋರ್ಡಾನಸ್ ಒಬ್ಬ ಡೊಮಿನಿಕನ್, ಉಳಿದ ನಾಲ್ವರು ಫ್ರಾನ್ಸಿಸ್ಕನ್ ಎಂಬ ಇನ್ನೊಂದು ಪಂಗಡದವರು. ಟೊಲೆಂಟಿನೊ ಊರಿನ ಥಾಮಸ್, ಪಾದುವದ ಜೇಮ್ಸ್, ಸಿಯೆನಾದ ಪೀಟರ್, ಈ ಮೂವರು ಇಟಲಿಯವರು. ನಾಲ್ಕನೆಯವನು ಡಿಮಿಟ್ರಿಯಸ್, ಜಾರ್ಜಿಯಾದವನು, ಹಲವು ಭಾಷೆ ಬಲ್ಲ ದುಭಾಷಿ. ಅವರ ಹಡಗು ಹೋಗಬೇಕಾಗಿದ್ದದ್ದು ಕೊಲ್ಲಂಗೆ. ಗಾಳಿ ಬೇರೆ ಕಡೆಗೆ ತಳ್ಳಿತು. ಬಂದು ಇಳಿದದ್ದು ಈಗಿನ ಮುಂಬಯಿಯ ಪಕ್ಕದ ಠಾಣೆಯಲ್ಲಿ.

ಹಡಗೂ ಎಂಥದ್ದು! ಆ ಸಮುದ್ರದ ಹಡಗುಗಳ ಬಗ್ಗೆ ಜೋರ್ಡಾನಸ್ ಆಮೇಲೆ ಬರೆದಿದ್ದಾನೆ. ಕಬ್ಬಿಣದ ಮೊಳೆಯೇ ಇಲ್ಲ, ಹಲಗೆಗಳನ್ನು ಸೂಜಿ ದಾರದಲ್ಲಿ ಹೊಲಿದಿರುತ್ತಾರೆ, ಮೇಲೆ ಮುಚ್ಚಿಗೆ ಇರುವುದಿಲ್ಲ, ಒಳಗೆ ಬರುವ ನೀರನ್ನು ಜನ ನಿಂತು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಲೇ ಇರಬೇಕು ಅಂತ.

"ನಿಜವಾಗ್ಲೂ? ಹೊಲಿದಿದ್ದಾ?" ಅಂದ ಚಿಕ್ಕವನು.

ನಿಜ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಅರಬ್ಬರ ಕಡೆಯಲ್ಲೂ ನಾರಿನ ಹುರಿಯಿಂದ ಹಲಗೆ ಹೊಲಿದು ಹಡಗು ಕಟ್ಟುವುದು ನೂರಾರು ವರ್ಷ ನಡೆದುಬಂದ ಕಸುಬು.

ಠಾಣೆಯಲ್ಲಿ ಆಗಲೇ ಕೆಲವು ಕ್ರೈಸ್ತ ಕುಟುಂಬಗಳಿದ್ದವು. ಅಂಥ ಒಂದು ಮನೆಯಲ್ಲಿ ಇವರಿಗೆ ಜಾಗ ಸಿಕ್ಕಿತು. ಗುಜರಾತಿನ ಕಡೆಯಲ್ಲಿ ಉಪದೇಶಕರಿಲ್ಲ ಎಂದು ಅಲ್ಲಿಯವರು ಹೇಳಿದ್ದರಿಂದ ಜೋರ್ಡಾನಸ್ ಭರೂಚಿನ ದಾರಿ ಹಿಡಿದ. ನಾಲ್ವರು ಠಾಣೆಯಲ್ಲಿ ಉಳಿದರು. ಇತ್ತ, ಇವರು ಇಳಿದುಕೊಂಡಿದ್ದ ಮನೆಯ ಗಂಡ ಹೆಂಡಿರ ಜಗಳ ಊರಿನ ನ್ಯಾಯಾಧೀಶರ ಮುಂದೆ ಹೋಯಿತು. ಹೆಂಡತಿ ಈ ಸನ್ಯಾಸಿಗಳನ್ನು ಸಾಕ್ಷಿಗೆ ಹೆಸರಿಸಿದಳು. ಸಾಕ್ಷಿ ಹೇಳಲು ಹೋದವರ ಜೊತೆ ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ನಿಮ್ಮ ಧರ್ಮ ದೊಡ್ಡದೋ ನಮ್ಮದೋ ಎಂಬ ವಾದಕ್ಕೆ ತಿರುಗಿತು. ವಾದ ಬಿಸಿಯಾಯಿತು. 1321ರ ಏಪ್ರಿಲ್ ತಿಂಗಳಲ್ಲಿ ಎರಡು ದಿನಗಳ ಅಂತರದಲ್ಲಿ ನಾಲ್ವರನ್ನೂ ಕೊಂದುಹಾಕಿದರು.

ಇಷ್ಟು ಹೇಳಿ ನಾನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಮಕ್ಕಳ ಮುಂದೆ ಇದನ್ನು ಹೇಳಬೇಕೋ ಬೇಡವೋ ಎಂದು ನನಗೂ ಅನುಮಾನವಿತ್ತು. ಆದರೆ ಇದನ್ನು ಬಿಟ್ಟರೆ ಜೋರ್ಡಾನಸ್ ಯಾರೆಂದು ತಿಳಿಯುವುದೇ ಇಲ್ಲ. ಸುದ್ದಿ ಕೇಳಿ ಅವನು ಓಡಿಹೋಗಲಿಲ್ಲ, ಹಿಂದಕ್ಕೆ ಬಂದ. ಅದೇ ಊರಿಗೆ ಬಂದು, ಗೆಳೆಯರ ದೇಹಗಳನ್ನು ಹತ್ತಿರದ ಸೋಪಾರಕ್ಕೆ ಸಾಗಿಸಿ ಮಣ್ಣು ಮಾಡಿದ. ಸೋಪಾರ ಅಂದರೆ ಈಗ ಮುಂಬಯಿ ಲೋಕಲ್ ರೈಲು ನಿಲ್ಲುವ ನಾಲಾಸೋಪಾರ. ಅಶೋಕನ ಶಾಸನ ಸಿಕ್ಕಿರುವ ಹಳೆಯ ಬಂದರು.

"ಆಮೇಲೆ ಅವನ ಜೊತೆ ಯಾರೂ ಇರಲಿಲ್ವಾ?" ಅಂತ ಪುಟ್ಟಿ ಕೇಳಿದಳು.

ಯಾರೂ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗುಜರಾತಿನ ಘೋಘಾ ಬಂದರಿನಿಂದ ಪರ್ಷಿಯಾದಲ್ಲಿದ್ದ ಸನ್ಯಾಸಿಗಳಿಗೆ ಪತ್ರ ಬರೆದ. ನನ್ನ ಜೊತೆಗೆ ಯಾರನ್ನಾದರೂ ಕಳಿಸಿ ಅನ್ನುವುದೇ ಅದರ ಸಾರ. ಎರಡು ವರ್ಷಗಳ ಮೇಲೆ ಠಾಣೆಯಿಂದ ಇನ್ನೊಂದು ಪತ್ರ ಹೋಯಿತು. ಅದನ್ನು ಓದಿದರೆ ಹೊಟ್ಟೆ ಕಿವುಚುತ್ತದೆ. ಕಡಲ್ಗಳ್ಳರು ಹಿಡಿದದ್ದು, ಸೆರೆಮನೆಯಲ್ಲಿ ಕೂಡಿದ್ದು, ಹಸಿವು, ಬಾಯಾರಿಕೆ, ಮೈಕೈ ನೋವು, ತನ್ನ ಪಂಗಡದ ನಿಲುವಂಗಿಯೂ ಇಲ್ಲದೆ ಬರೀ ಅಂಗಿಯಲ್ಲಿ ತಿರುಗುತ್ತಿರುವುದು, ಎಲ್ಲವನ್ನೂ ಬರೆದಿದ್ದಾನೆ. ಈಗಿನ ಹಾಗೆ ಫೋನು ಮಾಡಿ ಉತ್ತರ ಕೇಳುವ ಕಾಲವಲ್ಲ. ಒಂದು ಪತ್ರ ಹಡಗು ಹತ್ತಿ ಹೋಗಿ ಉತ್ತರ ಬರುವಷ್ಟರಲ್ಲಿ ಮಳೆಗಾಲವೊಂದು ಕಳೆದಿರುತ್ತಿತ್ತು.

ಅಷ್ಟಾದ ಮೇಲೂ ಅವನು ಈ ದೇಶದ ಜನರ ಬಗ್ಗೆ ಕಹಿ ಬೆಳೆಸಿಕೊಳ್ಳಲಿಲ್ಲ ಎಂಬುದು ನನಗೆ ಇಂದಿಗೂ ಆಶ್ಚರ್ಯ. ಊರಿಗೆ ಮರಳಿದ ಮೇಲೆ ಬರೆದ ಪುಸ್ತಕದಲ್ಲಿ, ಇಲ್ಲಿನವರು ಊಟದಲ್ಲಿ ಬಲು ಶುಚಿ, ಮಾತಿನಲ್ಲಿ ಸತ್ಯವಂತರು, ನ್ಯಾಯದಲ್ಲಿ ಗಟ್ಟಿ ಎಂದು ಹೊಗಳಿದ್ದಾನೆ. ಹಾಗೆಂದು ಅವನದೆಲ್ಲ ಒಪ್ಪುವಂಥದ್ದಲ್ಲ. ಫ್ರಾನ್ಸಿನ ದೊರೆ ಒಬ್ಬನೇ ಹೊರಟರೂ ಇಡೀ ಜಗತ್ತನ್ನು ಗೆದ್ದು ತನ್ನ ಧರ್ಮಕ್ಕೆ ಸೇರಿಸಬಲ್ಲ ಎಂದೂ ಅದೇ ಪುಸ್ತಕದಲ್ಲಿ ಜಂಬ ಕೊಚ್ಚಿದ್ದಾನೆ. ಆ ಪುಟ ಬಂದಾಗಲೆಲ್ಲ ನಾನು ಕನ್ನಡಕ ತೆಗೆದು ಪಕ್ಕಕ್ಕಿಡುತ್ತೇನೆ.

ಪುಸ್ತಕ ಲ್ಯಾಟಿನ್ ಭಾಷೆಯದು. ಹೆಸರು 'ಮಿರಾಬಿಲಿಯಾ ಡಿಸ್ಕ್ರಿಪ್ಟಾ', ಅಂದರೆ ಬೆರಗುಗಳ ವರ್ಣನೆ. ದಪ್ಪ ಪುಸ್ತಕವೇನಲ್ಲ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಅದರ ಹಸ್ತಪ್ರತಿ ಒಂದೇ ಒಂದು ಉಳಿದಿದೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. 1863ರಲ್ಲಿ ಹೆನ್ರಿ ಯೂಲ್ ಎಂಬವರು ಇಂಗ್ಲಿಷಿಗೆ ತಂದರು. ಯೂಲ್ ಈ ದೇಶದಲ್ಲಿ ಇಂಜಿನಿಯರಾಗಿ ದುಡಿದವರು, ಆದ್ದರಿಂದ ಜೋರ್ಡಾನಸ್ ಹೇಳುವ ಮರ, ಹಣ್ಣು, ಹುಳು ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು.

ಜೋರ್ಡಾನಸ್‌ನಲ್ಲಿ ಒಂದು ಗುಣವಿದೆ, ಕಂಡದ್ದು ಯಾವುದು ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಹೇಳುತ್ತಾನೆ. ಇನ್ನೂ ದೂರದ ದೇಶಗಳಲ್ಲಿ ಘಟಸರ್ಪಗಳಿವೆ, ಒಂಟಿ ಕೊಂಬಿನ ಕುದುರೆಯಂಥ ಪ್ರಾಣಿಯಿದೆ ಎಂದೂ ಬರೆಯುತ್ತಾನೆ, ಆದರೆ ಅದು ಕಣ್ಣಾರೆ ಕಂಡದ್ದಲ್ಲ, ಕಿವಿಯಿಂದ ಬಂದದ್ದು ಅನ್ನುತ್ತಾನೆ. ಇಲ್ಲಿನದನ್ನು ಮಾತ್ರ ನೋಡಿದವನ ಹಾಗೆ ಬರೆಯುತ್ತಾನೆ. ಇದನ್ನು ಕೇಳಿದ್ದೇ ಪುಟ್ಟಿಗೆ ಉಪಾಯ ಹೊಳೆಯಿತು.

"ತಾತ, ಅವನು ಬರೆದಿದ್ದು ಸರೀನಾ ಅಂತ ನಾವೇ ನೋಡ್ಬಹುದಲ್ವಾ?"

ಹಾಗೆ ಶುರುವಾಯಿತು ನಮ್ಮ ರಜೆಯ ಪರೀಕ್ಷೆ.

ಮೊದಲನೆಯದು ಊರಲ್ಲೇ ಆಯಿತು. ಹದ್ದಿನಷ್ಟು ದೊಡ್ಡ ಬಾವಲಿಗಳು ಹಗಲು ಹೊತ್ತು ತಲೆಕೆಳಗಾಗಿ ಮರದಲ್ಲಿ ತೂಗಾಡುತ್ತವೆ, ದೂರದಿಂದ ನೋಡಿದರೆ ದೊಡ್ಡ ದೊಡ್ಡ ಹಣ್ಣು ಬಿಟ್ಟ ಹಾಗೆ ಕಾಣುತ್ತದೆ ಎಂದು ಅವನು ಬರೆದಿದ್ದಾನೆ. ಹೊಳೆಯ ಕಡೆ ಹೋಗುವ ದಾರಿಯಲ್ಲಿ ಅಂಥ ಒಂದು ಮರ ನಮಗೆ ಗೊತ್ತಿತ್ತು. ಸಂಜೆ ಹೋಗಿ ನೋಡಿದೆವು. ಸೂರ್ಯ ಮುಳುಗಿದ್ದೇ ಒಂದೊಂದೇ ಹಣ್ಣು ರೆಕ್ಕೆ ಬಿಚ್ಚಿ ಹಾರತೊಡಗಿತು. ಚಿಕ್ಕವನು "ನಿಜವಾಗ್ಲೂ" ಅಂದ, ಈ ಸಲ ಪ್ರಶ್ನೆಯಾಗಿ ಅಲ್ಲ.

ಎರಡನೆಯದಕ್ಕೆ ದೂರ ಹೋಗಬೇಕಾಗಲಿಲ್ಲ. ಉಣ್ಣೆಯಷ್ಟು ಬೆಳ್ಳಗಿರುವ ಸಣ್ಣ ಇರುವೆಗಳು ಬಿಸಿಲು ತಡೆಯಲಾರವು, ಆದರೆ ಒಣಗಿದ್ದು ಏನು ಸಿಕ್ಕರೂ ಕೊರೆದು ತಿನ್ನುತ್ತವೆ ಎಂದು ಒಂದು ಕಡೆ ಇದೆ. ನನ್ನ ಪುಸ್ತಕದ ಬೀರುವಿನ ಕೆಳಗಿನ ಹಲಗೆ ತೆಗೆದು ತೋರಿಸಿದೆ. ಗೆದ್ದಲು! "ಇದನ್ನ ತೋರ್ಸೋಕೆ ಏಳ್ನೂರು ವರ್ಷದ ಹಿಂದಿನವನು ಬರಬೇಕಿತ್ತಾ? ನಾನು ಹೇಳ್ತಾನೇ ಇದ್ದೆ" ಅಂತ ಅಡುಗೆಮನೆಯಿಂದ ನನ್ನಾಕೆಯ ಧ್ವನಿ ಬಂತು.

ಮೂರನೆಯ ಪರೀಕ್ಷೆ ಚನ್ನರಾಯಪಟ್ಟಣದಲ್ಲಿ. ನನ್ನ ಅಕ್ಕನನ್ನು ಕೊಟ್ಟಿರುವುದು ಆ ತಾಲ್ಲೂಕಿಗೆ. ಭಾವನವರದು ತೆಂಗಿನ ತೋಟ. ಜೋರ್ಡಾನಸ್ ತೆಂಗಿನ ಮರವನ್ನು 'ನಾರ್ಗಿಲ್' ಎಂದು ಕರೆದು ಅದರ ಮೇಲೆ ಬೇರೆ ಯಾವ ಮರಕ್ಕೂ ಇಲ್ಲದಷ್ಟು ಪ್ರೀತಿಯಿಂದ ಬರೆದಿದ್ದಾನೆ. ಮನುಷ್ಯನ ತಲೆಯಷ್ಟು ದೊಡ್ಡ ಕಾಯಿ, ಒಳಗೆ ಸಿಹಿ ನೀರು, ತಿರುಳಿನಿಂದ ಎಣ್ಣೆ, ಸಿಪ್ಪೆಯಿಂದ ಹಗ್ಗ. ಅದಕ್ಕಿಂತ ಹೆಚ್ಚಾಗಿ ಅವನನ್ನು ಬೆರಗುಗೊಳಿಸಿದ್ದು ಇನ್ನೊಂದು. ಈ ಮರ ತಿಂಗಳಿಗೊಂದು ಹೊಸ ಗೊನೆ ಹೊರಡಿಸುತ್ತದೆ, ಆದ್ದರಿಂದ ಒಂದೇ ಮರದಲ್ಲಿ ಒಂದೇ ಹೊತ್ತಿಗೆ ಹೂವಿನಿಂದ ಹಿಡಿದು ಬಲಿತ ಕಾಯಿಯವರೆಗೆ ಎಲ್ಲ ಹಂತವೂ ಕಾಣುತ್ತದೆ ಎಂದು ಅವನ ಲೆಕ್ಕ.

ಪುಟ್ಟಿ ನೋಟ್‌ಬುಕ್ ಹಿಡಿದು ಭಾವನವರನ್ನು ಕೇಳಿದಳು. ಅವರು ಎಂಬತ್ತು ದಾಟಿದವರು, ಮಾತು ಕಮ್ಮಿ. ಒಂದು ಗಿಡ್ಡ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಕೋಲಿನಿಂದ ತೋರಿಸತೊಡಗಿದರು. "ಇದು ಈಗ ಬಿರೀತಿರೋ ಹೊಂಬಾಳೆ. ಇದು ಹೋದ ತಿಂಗಳದ್ದು, ಹರಳು ಕಟ್ಟಿದೆ. ಇದು ಅದಕ್ಕೂ ಹಿಂದಿಂದು. ಇದು ಎಳನೀರು. ಇದು ಬಲಿತಿರೋದು." ಹನ್ನೊಂದು ಗೊನೆಯವರೆಗೆ ಎಣಿಸಿ ನಿಲ್ಲಿಸಿದರು. "ನೀರು ಚೆನ್ನಾಗಿದ್ರೆ ವರ್ಷಕ್ಕೆ ಹನ್ನೆರಡು. ಬರ ಬಂದ ವರ್ಷ ಹೊಂಬಾಳೇನೇ ಒಣಗಿಹೋಗುತ್ತೆ. ಯಾರಮ್ಮ ಇದನ್ನ ಬರೆದಿದ್ದು?"

"ಫ್ರಾನ್ಸಿನವನು ದೊಡ್ಡತಾತ. ಸನ್ಯಾಸಿ."

"ತೋಟದಲ್ಲಿ ನಿಂತು ನೋಡಿದಾನೆ" ಅಂದರು ಭಾವ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಪ್ರಶಸ್ತಿ ನಾನು ಕೇಳಿಲ್ಲ.

ಅಲ್ಲಿಂದ ಮೂರು ದಿನ ಬಿಟ್ಟು ಅರಕಲಗೂಡಿಗೆ ಹೊರಟೆವು, ಮಕ್ಕಳ ತಾಯಿಯ ತವರು. ಬೀಗರ ಹಿತ್ತಲಿನಲ್ಲಿ ಹಲಸಿನ ಮರವಿದೆ, ಅದನ್ನು ಅಪ್ಪಿಕೊಂಡು ಮೆಣಸಿನ ಬಳ್ಳಿ ಮೇಲಕ್ಕೆ ಹೋಗಿದೆ. ಜೋರ್ಡಾನಸ್‌ನ ಎರಡು ಪುಟ ಒಂದೇ ಮರದಲ್ಲಿ.

ಕಾಳುಮೆಣಸಿನ ಕಥೆ ಮೊದಲು ಹೇಳುತ್ತೇನೆ. ಆಗಿನ ಯೂರೋಪಿನವರಿಗೆ ಮೆಣಸು ಬಲು ಬೆಲೆಯ ಸಾಮಾನು, ಆದರೆ ಅದು ಬೆಳೆಯುವುದನ್ನು ಕಂಡವರು ಬೆರಳೆಣಿಕೆಯ ಜನ. ಕಪ್ಪಗಿದೆಯಲ್ಲ, ಹಾಗಾಗಿ ಅದನ್ನು ಬೆಂಕಿಯಲ್ಲಿ ಹುರಿಯುತ್ತಾರೆ ಎಂದು ಅಲ್ಲಿ ಕಥೆ ಹಬ್ಬಿತ್ತು. ಜೋರ್ಡಾನಸ್ ಅದನ್ನು ಸುಳ್ಳು ಎಂದು ನೇರವಾಗಿ ಬರೆದ. ಮರಕ್ಕೆ ಹಬ್ಬುವ ಬಳ್ಳಿ, ಕಾಡುದ್ರಾಕ್ಷಿಯ ಹಾಗೆ ಗೊಂಚಲು, ಮೊದಲು ಹಸಿರು, ಬಲಿತ ಮೇಲೆ ಕಪ್ಪಾಗಿ ಸುಕ್ಕುಗಟ್ಟುತ್ತದೆ, ಬೆಂಕಿಯ ಮಾತೇ ಇಲ್ಲ ಎಂದ.

ಬೀಗಿತ್ತಿ ಡಬ್ಬಿಯಿಂದ ಒಂದು ಹಿಡಿ ಮೆಣಸು ತಂದು ಮಕ್ಕಳ ಕೈಗೆ ಸುರಿದರು. "ಬೆಂಕಿ ಇಲ್ಲ ಅಂದಿದ್ದು ಸರಿ. ಆದ್ರೆ ಬಳ್ಳೀಲೇ ಕಪ್ಪಾಗಲ್ಲ. ಹಣ್ಣಾದ್ರೆ ಕೆಂಪಗಾಗುತ್ತೆ. ನಾವು ಗೊಂಚಲಲ್ಲಿ ಒಂದೋ ಎರಡೋ ಕೆಂಪಗಾದಾಗ ಕೊಯ್ದು, ಬಿಡಿಸಿ, ಬಿಸಿಲಿಗೆ ಹಾಕ್ತೀವಿ. ಚಾಪೆ ಮೇಲೆ ಕಪ್ಪಾಗೋದು" ಅಂದರು. ಪುಟ್ಟಿ ನೋಟ್‌ಬುಕ್ಕಿನಲ್ಲಿ 'ಅರ್ಧ ಸರಿ' ಎಂದು ಬರೆದುಕೊಂಡಳು. ನಾನೂ ಇಷ್ಟು ವರ್ಷ ಆ ತಪ್ಪನ್ನು ಗಮನಿಸಿರಲಿಲ್ಲ.

ಹಲಸು ಅವನ ಬಾಯಲ್ಲಿ 'ಚಾಕಿ'. ಮಲಯಾಳದಲ್ಲಿ ಚಕ್ಕ ಅನ್ನುತ್ತಾರಲ್ಲ, ಅದೇ. ಮಾವು 'ಅನಿಬಾ', ಅಂದರೆ ಅಂಬಾ, ಅದರ ರುಚಿಯನ್ನು ಮಾತಿನಲ್ಲಿ ಹೇಳಲಾಗದು ಎಂದು ಕೈಬಿಟ್ಟಿದ್ದಾನೆ. ಹಲಸಿನಂಥ ಹಣ್ಣು ತೆಳು ಕೊಂಬೆಯಲ್ಲಿ ಬಿಡುವುದಿಲ್ಲ, ಭಾರ ತಡೆಯುವುದಿಲ್ಲವಲ್ಲ, ದಪ್ಪ ಕೊಂಬೆಯಲ್ಲಿ, ಕಾಂಡದಲ್ಲಿ, ಕೆಲವು ಸಲ ಬೇರಿನ ತನಕ ಬಿಡುತ್ತದೆ ಎಂದು ಬರೆದಿದ್ದಾನೆ. ಬೀಗರ ಮರದ ಬುಡದಲ್ಲೇ ನೆಲಕ್ಕೆ ತಾಗುವ ಹಾಗೆ ಒಂದು ಕಾಯಿ ಕೂತಿತ್ತು. ಆಮೇಲಿನ ಮಾತೇ ನಮಗೆ ಪರೀಕ್ಷೆಯಾದದ್ದು. ಒಂದು ಹಣ್ಣು ಐದು ಜನಕ್ಕೆ ಸಾಕು ಎಂದು ಅವನ ಲೆಕ್ಕ.

ಕೊಯ್ದಿಟ್ಟ ಹಣ್ಣು ಜಗುಲಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಬೀಗರು ಬೆರಳಿನಿಂದ ತಟ್ಟಿ ನೋಡಿ, "ನಾಳೆ ಮಧ್ಯಾಹ್ನಕ್ಕೆ ಹದವಾಗುತ್ತೆ" ಅಂದರು. ಆ ರಾತ್ರಿ ಅದರ ಘಮದಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದೆವು. ಬಿಷಪ್ ಆದ ಕಥೆ ಇನ್ನೂ ಬಾಕಿ ಇತ್ತು.

ಜೋರ್ಡಾನಸ್ ಮರಳಿ ಯೂರೋಪಿಗೆ ಹೋದಾಗ ಪೋಪ್ ಇದ್ದದ್ದು ರೋಮಿನಲ್ಲಲ್ಲ, ಫ್ರಾನ್ಸಿನ ಅವಿನ್ಯೋನ್ ಎಂಬ ಊರಿನಲ್ಲಿ. ಆಗಿನ ಪೋಪ್ 22ನೆಯ ಜಾನ್. 1329ರ ಆಗಸ್ಟ್ ತಿಂಗಳಲ್ಲಿ ಅವರು ಕೊಲ್ಲಂ ಅನ್ನು ಧರ್ಮಪೀಠವೆಂದು ಸಾರಿ, ಜೋರ್ಡಾನಸ್‌ನನ್ನು ಅದರ ಧರ್ಮಾಧ್ಯಕ್ಷನನ್ನಾಗಿ ಮಾಡಿದರು. ಅಂಗಿಯೊಂದರಲ್ಲಿ ಬೀದಿ ಅಲೆದಿದ್ದ ಭಿಕ್ಷುವಿಗೆ ಈಗ ಉಂಗುರ, ದಂಡ, ಮುಕುಟ. ಕೊಲ್ಲಂನಲ್ಲಿ ಬಹಳ ಶತಮಾನಗಳಿಂದಲೇ ಕ್ರೈಸ್ತರಿದ್ದರು, ತಮ್ಮದೇ ಪದ್ಧತಿಯ ನಸ್ರಾಣಿಗಳು. ಅವರ ಮುಖಂಡನ ಹೆಸರಿಗೂ ಪೋಪ್ 1330ರಲ್ಲಿ ಪತ್ರ ಬರೆದರು, ಈ ಹೊಸ ಧರ್ಮಾಧ್ಯಕ್ಷರನ್ನು ಆದರದಿಂದ ಬರಮಾಡಿಕೊಳ್ಳಿ ಎಂದು. ಜೋರ್ಡಾನಸ್‌ನ ಪುಸ್ತಕ ಓದಿದರೆ ಕೊಲ್ಲಂಗೆ ಹೋಗುವ ಕಡಲ ದಂಡೆಯ ರಾಜ್ಯಗಳ ಹೆಸರು ಸಾಲಾಗಿ ಬರುತ್ತವೆ. ಅದರಲ್ಲಿ ಒಂದು ನಮ್ಮದು, 'ಬಾತಿಗಾಲ', ಅಂದರೆ ಭಟ್ಕಳ. ಅಲ್ಲಿನ ದೊರೆ ಮುಸಲ್ಮಾನ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ. ಘಟ್ಟದ ಮೇಲಿನ ಬಲ್ಲಾಳನ ಸೀಮೆಗೆ, ನಮ್ಮ ಈ ಊರುಗಳ ಕಡೆಗೆ, ಅವನು ಕಣ್ಣು ಹಾಯಿಸಲಿಲ್ಲ. ನನಗೆ ಅದೊಂದು ಸಣ್ಣ ಬೇಸರ.

"ಆಮೇಲೆ ಕೊಲ್ಲಂಗೆ ಹೋಗಿ ಬಿಷಪ್ ಆಗಿ ಕೂತ್ನಾ?" ಅಂತ ಕತ್ತಲಲ್ಲೇ ಪುಟ್ಟಿ ಕೇಳಿದಳು.

ಈ ಪ್ರಶ್ನೆಗೆ ನಾನು ಇಪ್ಪತ್ತು ವರ್ಷ ತಪ್ಪು ಉತ್ತರ ಹೇಳಿದ್ದೇನೆ. ಜೋರ್ಡಾನಸ್ ಪಠ್ಯದಲ್ಲಿ ಇರಲಿಲ್ಲ. ಪಾಠ ಬೇಗ ಮುಗಿದ ದಿನ ನಾನೇ ಎಳೆದು ತರುತ್ತಿದ್ದ ಕಥೆ ಅದು. ಕಥೆಗೊಂದು ಒಳ್ಳೆಯ ಕೊನೆ ಬೇಕಲ್ಲ? ಅವನು ಮರಳಿ ಬಂದ, ಕೊಲ್ಲಂನ ಜನ ವಾದ್ಯದೊಂದಿಗೆ ಎದುರುಗೊಂಡರು, ಸಾಯುವ ತನಕ ಅಲ್ಲೇ ಪೀಠದಲ್ಲಿದ್ದ ಎಂದು ಹೇಳಿಬಿಡುತ್ತಿದ್ದೆ. ವಾದ್ಯ ನಾನೇ ಸೇರಿಸಿದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಿವೃತ್ತನಾದ ಮೇಲೆ ಯೂಲ್ ಅವರ ಪುಸ್ತಕವನ್ನು ಮೊದಲಿಂದ ಓದಿದಾಗ ತಿಳಿಯಿತು, ಅವನು ಕೊಲ್ಲಂ ಮುಟ್ಟಿದ ಎಂದು ಹೇಳುವ ಒಂದು ಕಾಗದವೂ ಇಲ್ಲ. 1330ರ ಪತ್ರಗಳ ಆಚೆಗೆ ಅವನ ಹೆಜ್ಜೆಯೇ ಸಿಗುವುದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಮಾರಿಗ್ನೊಲ್ಲಿ ಎಂಬ ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿ ಚೀನಾದಿಂದ ಮರಳುವಾಗ ಕೊಲ್ಲಂನಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಂತ. ಅಲ್ಲಿ ಸಂತ ಜಾರ್ಜರ ಹೆಸರಿನ ಲ್ಯಾಟಿನ್ ಚರ್ಚು ಇತ್ತು ಎಂದು ಬರೆದ. ಮೆಣಸಿನ ವ್ಯಾಪಾರ, ಊರಿನ ಜನ, ಎಲ್ಲ ಬರೆದ. ಜೋರ್ಡಾನಸ್‌ನ ಹೆಸರು ಮಾತ್ರ ಎತ್ತಲಿಲ್ಲ.

ಇದನ್ನೆಲ್ಲ ಪುಟ್ಟಿಗೆ ಹೇಳಿದೆ. ವಾದ್ಯದ ವಿಷಯವನ್ನೂ ಬಿಡದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದನ್ನ ನಂಬಿದ ಹುಡುಗರು ಈಗ ಎಷ್ಟು ದೊಡ್ಡವರಾಗಿರ್ತಾರೆ?" ಎಂದಳು.

ಮೊದಲನೆಯ ಬ್ಯಾಚಿನವರಿಗೆ ಐವತ್ತರ ಮೇಲಾಗಿದೆ. ಒಬ್ಬ ಇದೇ ಅರಕಲಗೂಡಿನಲ್ಲಿ ಅಂಗಡಿ ಇಟ್ಟಿದ್ದಾನೆ.

"ನಾಳೆ ಹೋಗಿ ಹೇಳಿ ತಾತ."

ಹೋದೆ. ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಹೋದೆ. ನನ್ನ ಹಳೆಯ ಶಿಷ್ಯ ಎದ್ದು ನಿಂತು, ಕುರ್ಚಿ ಒರೆಸಿ ಕೂರಿಸಿದ. ಜೋರ್ಡಾನಸ್ ನೆನಪಿದ್ದಾನೇನಯ್ಯ ಅಂದೆ. "ನೆನಪಿಲ್ದೆ ಏನು ಸಾರ್, ಕೊಲ್ಲಂನಲ್ಲಿ ವಾದ್ಯದಲ್ಲಿ ಕರ್ಕೊಂಡು ಹೋದ್ರಲ್ಲ! ನನ್ನ ಮಗನಿಗೂ ಹೇಳಿದೀನಿ" ಅಂದ. ಪುಟ್ಟಿ ನನ್ನ ಮುಖ ನೋಡಿದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ತಕ್ಕಡಿಯ ಬಟ್ಟಲನ್ನು ಸರಿಮಾಡುತ್ತಾ ಸ್ವಲ್ಪ ಯೋಚಿಸಿ, "ಹಂಗಾದ್ರೆ ಹಡಗೇ ಮುಳುಗಿರಬಹುದಾ ಸಾರ್?" ಎಂದ. ಅದೂ ಬರೆದಿಟ್ಟಿಲ್ಲ ಕಣಯ್ಯ ಅಂದೆ. "ಪಾಪ, ಹೊಲಿದ ಹಡಗು" ಅಂದ. ಹೊಲಿದ ಹಡಗಿನ ಮಾತೂ ಅವನಿಗೆ ನೆನಪಿತ್ತು. ಮಕ್ಕಳಿಗೆ ಕಡಲೆಮಿಠಾಯಿ ಕಟ್ಟಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಕೊಲ್ಲಂನ ಪೀಠ ಆಮೇಲೆ ಬಹಳ ಕಾಲ ಖಾಲಿ ಉಳಿಯಿತು. ಅದನ್ನು ಮತ್ತೆ ನಿಲ್ಲಿಸಿದ್ದು 1886ರಲ್ಲಿ. ಈಗಲೂ ಅಲ್ಲಿ ಧರ್ಮಾಧ್ಯಕ್ಷರಿದ್ದಾರೆ.

ಮಧ್ಯಾಹ್ನ ಊಟವಾದ ಮೇಲೆ ಹಣ್ಣು ಕೊಯ್ಯುವ ಏರ್ಪಾಟು. ಬೀಗರು ಮಚ್ಚಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಗೋಣಿಯ ಮೇಲೆ ಕೂತರು. ಹಣ್ಣು ಎರಡು ಹೋಳಾದದ್ದೇ ಅಂಟು ಎಳೆ ಎಳೆಯಾಗಿ ಬಂತು. ಪುಟ್ಟಿ ತೊಳೆ ಎಣಿಸುತ್ತಿದ್ದಳು, ಚಿಕ್ಕವನು ಎಣಿಸಿದ್ದನ್ನು ತಿನ್ನುತ್ತಿದ್ದ, ಹಾಗಾಗಿ ಲೆಕ್ಕ ಎರಡು ಸಲ ತಪ್ಪಿತು. ಮನೆಯವರು ಒಂಬತ್ತು ಜನ ತಿಂದೆವು. ಪಕ್ಕದ ಮನೆಗೆ ಒಂದು ತಟ್ಟೆ ಹೋಯಿತು. ಕಡುಬಿಗೆಂದು ಬೀಗಿತ್ತಿ ಒಂದು ಪಾತ್ರೆ ತೆಗೆದಿಟ್ಟರು. ಬೀಜ ಬೇರೆ, ಸಾರಿಗೆ.

"ಐದು ಜನ ಅಂದಿದ್ದು ತಪ್ಪು" ಅಂತ ಪುಟ್ಟಿ ಪೆನ್ನು ತೆಗೆದಳು.

"ನಿಲ್ಲಮ್ಮ, ಅವನು ಹಸಿದಿದ್ದ. ಊಟಕ್ಕೆ ಬದಲು ತಿಂದಿರ್ತಾನೆ. ನಾವು ಮುದ್ದೆ ಉಂಡು ಆಮೇಲೆ ತಿಂದಿದೀವಿ. ಆ ಲೆಕ್ಕಕ್ಕೂ ಈ ಲೆಕ್ಕಕ್ಕೂ ತಾಳೆ ಹಾಕ್ಬೇಡ" ಅಂದರು ಬೀಗರು.

ಪುಟ್ಟಿ ಪೆನ್ನು ಮುಚ್ಚಿ, ಹಿತ್ತಲಿಗೆ ಹೋಗಿ ಮರದ ಬುಡದಲ್ಲಿ ಕೂತಿದ್ದ ಆ ಇನ್ನೊಂದು ಕಾಯಿಯನ್ನು ಅಜ್ಜನ ಹಾಗೆಯೇ ಬೆರಳಿನಿಂದ ತಟ್ಟಿ ನೋಡಿದಳು. ಅದು ಹಣ್ಣಾಗಲು ವಾರವಾದರೂ ಬೇಕಂತೆ. ರಜೆ ಮುಗಿಯಲು ಇನ್ನೂ ಹನ್ನೆರಡು ದಿನ ಇದೆ. ಆ ದಿನ ಮುದ್ದೆ ಬೇಡ, ಐದೇ ಜನ ಕೂರಬೇಕು ಎಂದು ತೀರ್ಮಾನವಾಗಿದೆ. ಆ ಐದು ಜನ ಯಾರು ಎಂಬ ಜಗಳ ಮಾತ್ರ ಇದನ್ನು ಬರೆಯುತ್ತಿರುವಾಗಲೂ ನಡೆಯುತ್ತಿದೆ.